ಕಾಡುಪಾಪದ ಬಾಳೆಹಣ್ಣು

"ರಾತ್ರಿ ಮಗು ಮತ್ತೆ ಕುಂಯ್ ಅಂತು ಅಕ್ಕಾ."

ನೈರೋಬಿಯ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕದಲ್ಲಿ ಮಗುವನ್ನೆತ್ತಿಕೊಂಡು ಕೂತಿದ್ದ ತರುಣಿ ತನ್ನ ಜೊತೆಗಿದ್ದ ಹಿರಿಯಳಿಗೆ ಪಿಸುಗುಟ್ಟಿದಳು. ಆಗಿನ್ನೂ ಬ್ರಿಟಿಷರ ಆಳ್ವಿಕೆ. ಬಿಳಿಯರ ಬಡಾವಣೆಯಲ್ಲಿ ನಮ್ಮ ಆಫ್ರಿಕನ್ ಗಂಡಸರು ಅವರ ಮನೆಗಳಲ್ಲಿ ಅಡುಗೆ ಕೆಲಸ ಮಾಡಿಕೊಂಡು ಹಿತ್ತಲ ಕೋಣೆಯಲ್ಲಿರಬಹುದಿತ್ತು. ಹೆಂಡತಿ ಮಕ್ಕಳನ್ನು ಇಟ್ಟುಕೊಳ್ಳುವಂತಿರಲಿಲ್ಲ. ಬೇರೆ ಯಾರಾದರೂ ಕೇಳಿಸಿಕೊಂಡರೇ ಎಂದು ನಾನು ಸುತ್ತ ನೋಡಿದೆ.

"ಬಿಳಿ ಅಮ್ಮಾವ್ರಿಗೆ ಕೇಳಿಸ್ತೇನೇ, ಮ್ವಿಕಾಲಿ?" ಹಿರಿಯಳು ಕೇಳಿದಳು.

"ಹೋದ ವಾರವೇ ಕೇಳಿಸಿತ್ತು. ಅದ್ಯಾವ ಮಗು ಅಂತ ಅಮ್ಮಾವ್ರು ಕೇಳಿದ್ದಕ್ಕೆ ನಮ್ಮೆಜಮಾನ್ರು, ಮರದ ಮೇಲಿನ ಕಾಡುಪಾಪ ಅಂದುಬಿಟ್ರು. ಅದೂ ಹಾಗೇ ಅಳತ್ತಲ್ಲ!"

"ನಿನ್ನ ಗಂಡ ಅಡುಗೆಗಿಂತ ಸುಳ್ಳನ್ನೇ ರುಚಿಯಾಗಿ ಮಾಡ್ತಾನೆ ಬಿಡು."

"ಆವತ್ತಿಂದ ಅಮ್ಮಾವ್ರು ಕಾಡುಪಾಪಕ್ಕೆ ಅಂತ ಹಿತ್ತಲ ಮೆಟ್ಟಿಲ ಮೇಲೆ ದಿನಾ ಬಾಳೆಹಣ್ಣು ಇಡ್ತಾರೆ. ಇವಳೇ ತಿಂತಾಳೆ."

"ಅದಕ್ಕೇ ಕೆನ್ನೆ ಹೀಗೆ ಉಬ್ಬಿರೋದು, ಕಳ್ಳಿ!"

"ಇವತ್ತು ಹಣ್ಣನ್ನ ನುಣ್ಣಗೆ ಕಿವುಚಿ ಇಟ್ಟಿದ್ರು. ಪಕ್ಕದಲ್ಲಿ ಒಂದು ಪುಟ್ಟ ಚಮಚ."

ಹಿರಿಯಳ ನಗು ನಿಂತಿತು. "ಅಯ್ಯೋ, ಗೊತ್ತಾಗಿದೆ ಕಣೆ. ಹೊರಗೆ ಹಾಕಿದ್ರೆ?"

"ಹೊರಗೆ ಹಾಕೋರು ಚಮಚ ಕೊಡ್ತಾರಾ?"

"ಕೋಣೆಯಲ್ಲಿರು ಅಂತ ಬಾಯ್ಬಿಟ್ಟು ಹೇಳೋಕೆ ಏನು ಕಷ್ಟವೋ!"

"ಹೇಳಿದ್ರೆ ಅವರಿಗೂ ಪೊಲೀಸ್ನೋರ ಕಾಟ."

"ಗಂಡನಿಗೆ ತಿಳಿಸಿದ್ಯಾ?"

ನರ್ಸ್ ಹೆಸರು ಕೂಗಿದಳು. ಮ್ವಿಕಾಲಿ ಮಗುವನ್ನು ಬೆನ್ನಿಗೆ ಬಿಗಿದುಕೊಂಡು ಎದ್ದಳು.

"ತಿಳಿಸಿದ್ರೆ ಹೆದರಿ ಇವತ್ತೇ ನಮ್ಮನ್ನ ಊರಿಗೆ ಕಳಿಸಿಬಿಡ್ತಾರೆ. ಅವರಿಗೆ ಹೇಳಲ್ಲ ಅಕ್ಕಾ. ಇವಳು ಅಪ್ಪನ ಬೆರಳು ಹಿಡ್ಕೊಂಡೇ ನಡೆಯೋದು ಕಲೀಲಿ."