ಕೋಲ್ಮನ್ ಒಡೆಯಲು ಹೋದ ಒಡ್ಡು

ದೀಪ ಸ್ವಲ್ಪ ಸಣ್ಣಗೆ ಮಾಡಿ. ಹಾಂ, ಸಾಕು. ವಿಸ್ಕಿ ಇಲ್ಲಿರಲಿ, ನನ್ನ ಕೈಗೆಟಕುವ ಹಾಗೆ. ನಿವೃತ್ತನಾದ ಮೇಲೆ ನನಗುಳಿದಿರುವ ಸುಖ ಇದು, ಮತ್ತೆ ನಡುವೆ ಬಾಯಿ ಹಾಕದೆ ಕೇಳುವ ನಿಮ್ಮಂಥ ಜನ. ಈಗ ಹೇಳುವುದು ಕಟ್ಟಿದ್ದಲ್ಲ. ನಮ್ಮ ಚಿಕ್ಕಮ್ಮನ ಮಗ ಕೋಲ್ಮನ್‌ಗೆ ಆದದ್ದು. ಬೇಕಾದರೆ ಅವನನ್ನೇ ಕೇಳಿ... ಅವನು ಬಾಯಿ ಬಿಡುವುದಿಲ್ಲ, ಅದು ಬೇರೆ ಮಾತು.

ಅಕ್ಟೋಬರ್ ಕೊನೆ. ಪಬ್ ಮುಚ್ಚಿಯಾಗಿತ್ತು. ಕೋಲ್ಮನ್ ಒಬ್ಬನೇ ಸಂತ ಕೀವಾಳ ಬಾವಿಯ ಹತ್ತಿರ ಬಂದ. ಬಾವಿಯ ಮುಳ್ಳುಮರಕ್ಕೆ ಹರಕೆಯ ಚಿಂದಿ ಕಟ್ಟಿರುತ್ತಾರಲ್ಲ, ಗಾಳಿ ಬಂದರೆ ಅವು ಪಟಪಟ ಅನ್ನಬೇಕು. ಅವತ್ತು ಗಾಳಿಯಿತ್ತು. ಚಿಂದಿಗಳು ಅಲ್ಲಾಡುತ್ತಿದ್ದವು. ಸದ್ದು ಮಾತ್ರ... ಇಲ್ಲ.

ಬಾವಿಕಟ್ಟೆಯ ಹಿಂದೆ ಸಂಜೆಯೇ ಬಚ್ಚಿಟ್ಟಿದ್ದ ಸಲಿಕೆ ತೆಗೆದುಕೊಂಡ. ಜೌಗಿನ ಕಡೆ ತಿರುಗಿದ.

ಯಾಕೆ ಅನ್ನುತ್ತೀರಾ? ನಮ್ಮ ಡೆರಿವೀನ್ ಜೌಗನ್ನು ಮುಟ್ಟಬಾರದೆಂದು ಸರ್ಕಾರ ಸಾರಿದ ವರ್ಷ ಅದು. ತಲೆತಲಾಂತರದಿಂದ ಅಲ್ಲಿನ ಕರಿಮಣ್ಣನ್ನು ಹೆಂಟೆಹೆಂಟೆಯಾಗಿ ಕೊಯ್ದು, ಒಣಗಿಸಿ, ಒಲೆಗೆ ಹಾಕಿ ಚಳಿ ಕಳೆದವರು ನಾವು. ಆದರೆ ಕೊಯ್ಯಬೇಕಾದರೆ ಕಾಲುವೆ ತೋಡಿ ನೀರು ಬಸಿಯಬೇಕು. ನೀರು ಬಸಿದರೆ ಪಾಚಿ ಸಾಯುತ್ತದೆ, ಜೌಗೇ ಸಾಯುತ್ತದೆ. ಅದರಡಿ ಸಾವಿರಾರು ವರ್ಷ ಕೆಡದೆ ಮಲಗಿರುವ ಹಿಂದಿನವರು ಹಾಸಿದ ಹಲಗೆದಾರಿ, ಮರದ ಪೀಪಾಯಿಯಲ್ಲಿ ಹೂತಿಟ್ಟ ಬೆಣ್ಣೆ, ಎಲ್ಲ ಪುಡಿಯಾಗುತ್ತದೆ. ಆ ಕಾಲುವೆಗಳಿಗೆ ಒಡ್ಡು ಕಟ್ಟಿ ನೀರು ನಿಲ್ಲಿಸುವ ಕೆಲಸವನ್ನು ಕೋಲ್ಮನ್ ಹಿಡಿದಿದ್ದ. ಊರು ಬಿಡುತ್ತದೆಯೇ?

"ಬಂದ್ರಪ್ಪ ಬಾತುಕೋಳಿಗಳ ಅಳಿಯಂದ್ರು!" ಅಂತ ಪಕ್ಕದ ಹೊಲದ ಟೂಹಿ ಪಬ್ಬಿನಲ್ಲಿ ಕೂಗುತ್ತಿದ್ದ. "ಕಪ್ಪೆಗಳೆಲ್ಲ ಕ್ಷೇಮಾನೇನೋ?"

"ಕ್ಷೇಮ. ನಿನ್ನನ್ನೇ ಕೇಳ್ತಿದ್ವು, ನೆಂಟಸ್ತನ ಬೆಳೆಸೋಣ ಅಂತ."

ಟೂಹಿಯನ್ನು ತಡೆದುಕೊಳ್ಳಬಹುದು. ಹೆತ್ತ ತಾಯಿಯನ್ನು? ಹೊನೋರಾ ಚಿಕ್ಕಮ್ಮ ಗಂಡ ಸತ್ತ ದಿನವೂ ಒಲೆ ಆರಲು ಬಿಟ್ಟವಳಲ್ಲ. ರಾತ್ರಿ ಕೆಂಡಕ್ಕೆ ಬೂದಿ ಹೊದಿಸುತ್ತಿದ್ದಳು, ಬೆಳಗ್ಗೆ ಕೆದಕಿ ಎಬ್ಬಿಸುತ್ತಿದ್ದಳು. ಅವಳ ಅತ್ತೆ ಕೊಟ್ಟ ಬೆಂಕಿ. ಅತ್ತೆಗೆ ಅವಳ ಅತ್ತೆ ಕೊಟ್ಟದ್ದು. ಕೊಟ್ಟಿಗೆಯಲ್ಲಿ ಆ ಚಳಿಗಾಲಕ್ಕಾಗುವಷ್ಟೇ ಹೆಂಟೆ ಉಳಿದಿತ್ತು.

"ನಾವು ಮಣ್ಣು ಕೊಯ್ಯೋ ಹಳ್ಳದ ಪಕ್ಕದ ಒಡ್ಡು ಒಂದೇ ಒಡೆಯೋ," ಅಂದಿದ್ದಳು. "ಒಂದು ಬೇಸಿಗೆ ಕೊಯ್ಕೊಳ್ಳೋಣ. ನಾನು ಹೋದ್ಮೇಲೆ ಬೇಕಾದ್ರೆ ಸಮುದ್ರಾನೇ ಮಾಡ್ಕೋ."

"ಅಮ್ಮ, ಎಲ್ಲಕ್ಕಿಂತ ಆಳದ ಕಾಲುವೆ ಅದು. ಅದೊಂದು ಹೋದ್ರೆ ಇಡೀ ಜೌಗು ಒಣಗುತ್ತೆ."

"ಒಲೆ ಆರಿದ್ರೆ ನಾನು ಒಣಗ್ತೀನಿ. ಯಾರು ಬೇಕು ನಿಂಗೆ, ಹೇಳು."

ಇಷ್ಟಾದ ಮೇಲೆ ಮಗ ಏನು ಮಾಡಿಯಾನು? ಹೋದ. ತಾನೇ ಕಟ್ಟಿದ ಒಡ್ಡಿನ ನೆತ್ತಿಗೆ ಸಲಿಕೆ ಊರಿದ. ಕಾಲು ಎತ್ತಿ ತುಳಿಯಬೇಕು...

ಥಪ್... ಸ್ಲಕ್ಕ್.

ಹತ್ತಿರದಲ್ಲೇ. ತಮ್ಮದೇ ಹಳ್ಳದೊಳಗೆ.

ಥಪ್... ಸ್ಲಕ್ಕ್.

ಟೂಹಿ! ಕಳ್ಳ, ನಮ್ಮ ಮಣ್ಣು ಕೊಯ್ತಿದ್ದಾನೆ! ಕೋಲ್ಮನ್‌ಗೆ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು. ಕೊಯ್ಯುವಾಗ ಮೊದಲು ಸ್ಲಕ್ಕ್, ಸಲಿಕೆ ಒದ್ದೆ ಮಣ್ಣು ಸೀಳಿದ್ದು. ಆಮೇಲೆ ಥಪ್, ಹೆಂಟೆ ದಂಡೆಗೆ ಬಿದ್ದದ್ದು. ಇದು... ತಿರುಗಾಮುರುಗಾ.

ಅಂಚಿಗೆ ತೆವಳಿ ಕೆಳಗೆ ನೋಡಿದ. ಬೆನ್ನು ಮಾಡಿ ನಿಂತ ಒಬ್ಬ ಮುದುಕ. ಒಣಹೆಂಟೆಯೊಂದನ್ನು ಹಳ್ಳದ ಗೋಡೆಗೆ ಬಡಿದ. ಥಪ್. ಅಂಗೈಯಿಂದ ಒತ್ತಿದ. ಸ್ಲಕ್ಕ್. ಗೋಡೆ ಅದನ್ನು ಒಳಗೆಳೆದುಕೊಂಡಿತು. ಗೆರೆ ಕೂಡ ಉಳಿಯಲಿಲ್ಲ.

"ಯಾರದು?" ಕೋಲ್ಮನ್ ಪಿಸುಗುಟ್ಟಿದ.

"ಮೆಲ್ಲಗೆ..." ಮುದುಕ ತಿರುಗಲಿಲ್ಲ. ಕೈ ಮಾತ್ರ ಹಿಂದಕ್ಕೆ ಚಾಚಿದ. "ಕೊಡು."

"ಏನ್ ಕೊಡ್ಲಿ?"

"ಕಾಲ ಹತ್ರ ಇದೆಯಲ್ಲ."

ಇತ್ತು. ಒಣಹೆಂಟೆಗಳ ರಾಶಿ. ಬಂದಾಗ ಇರಲಿಲ್ಲ. ಕೋಲ್ಮನ್ ಬಗ್ಗಿ ಒಂದೆತ್ತಿ ಕೊಟ್ಟ. ಯಾಕೆ ಕೊಟ್ಟೆಯೋ ಅಂದರೆ ಇವತ್ತಿಗೂ ತಲೆ ಅಲ್ಲಾಡಿಸುತ್ತಾನೆ. ಅಪ್ಪ ಹಳ್ಳದಿಂದ ಎಸೆದದ್ದನ್ನು ದಂಡೆಯ ಮೇಲೆ ನಿಂತು ಹಿಡಿದು ಬೆಳೆದವನು. ಕೈ ತಾನಾಗಿ ಬಗ್ಗಿರಬೇಕು.

ಥಪ್... ಸ್ಲಕ್ಕ್.

"ಇನ್ನೂ... ಬಹಳ ಇದೆಯಾ?"

"ನಾನು ಕೊಯ್ದದ್ದನ್ನೆಲ್ಲ ವಾಪಸ್ಸಿಟ್ಟು ಮುಗೀತಾ ಬಂತು." ಮುದುಕ ಉಸಿರೆಳೆದುಕೊಂಡ. ಒದ್ದೆಬಟ್ಟೆ ಹಿಂಡಿದಂಥ ಸದ್ದು. "ನಿಮ್ಮಪ್ಪಂದು ಅಷ್ಟೂ ಹಾಗೇ ಇದೆ. ಇನ್ನೂ ಎದ್ದೇ ಇಲ್ಲ, ಸೋಮಾರಿ."

ಅಜ್ಜ. ಕೋಲ್ಮನ್ ಹುಟ್ಟುವ ಮೊದಲೇ ಹೋದ ಅಜ್ಜ.

"ನೀನು ಶುರು ಮಾಡ್ಕೋಬೇಡ್ವೋ, ಮರಿ... ಬೆನ್ನು ಬಿದ್ದುಹೋಗುತ್ತೆ."

ಸಲಿಕೆ ಅಲ್ಲೇ ಬಿಟ್ಟು ಓಡಿದ.

ಹೊನೋರಾ ಒಲೆ ಮುಂದೆ ಕೂತೇ ಇದ್ದಳು. "ಒಡೆದ್ಯಾ?"

"ಇಲ್ಲಮ್ಮ." ಎಲ್ಲ ಹೇಳಿದ.

ಹುಚ್ಚು ಅನ್ನಲಿಲ್ಲ, ಕುಡಿದಿದ್ದೀಯಾ ಅನ್ನಲಿಲ್ಲ. ಕೇಳಿದ್ದು ಇಷ್ಟೇ: "ನಿಮ್ಮಪ್ಪ ಇರ್ಲಿಲ್ವಾ ಅಲ್ಲಿ?"

"ಇಲ್ಲ. ಅವರದ್ದಿನ್ನೂ ಶುರುವಾಗಿಲ್ವಂತೆ."

ಚಿಕ್ಕಮ್ಮ ಒಲೆಗೆ ಹಾಕಲು ಎತ್ತಿದ್ದ ಹೆಂಟೆಯನ್ನು ಕೆಳಗಿಟ್ಟಳು. "ನಾನು ಉರಿಸಿದ್ದೆಲ್ಲ," ಅಂದಳು, "ಅವರ ತಲೆ ಮೇಲೇ ಬಿತ್ತು ಹಾಗಾದ್ರೆ."

ಆ ರಾತ್ರಿ ಅವಳು ಕೆಂಡಕ್ಕೆ ಬೂದಿ ಹೊದಿಸಲಿಲ್ಲ. ಬೆಳಗಾಗುವಷ್ಟರಲ್ಲಿ ಒಲೆ ತಣ್ಣಗಾಗಿತ್ತು. ಕಾಲು ಮುದುಡಿಕೊಂಡು ಅದರ ಮುಂದೆಯೇ ಕೂತಿದ್ದಳು. ಆಮೇಲೆ ಮಗ ವಿದ್ಯುತ್ ಒಲೆ ತಂದ. ಅದರ ಕಡೆ ಅವಳು ಕೊನೆಯವರೆಗೂ ಬೆನ್ನು ತಿರುಗಿಸಿಯೇ ಕೂತಳು.

ಒಡ್ಡು ಉಳಿಯಿತು. ಈಗ ಹೋಗಿ ನೋಡಿ, ಪಾಚಿ ಹಾಸಿಗೆಯ ಹಾಗೆ ಉಬ್ಬಿದೆ, ನೀರಹಕ್ಕಿಗಳು ವಾಪಸ್ಸು ಬಂದಿವೆ. ನನಗಂತೂ ದಿನಾ ಹೋಗಿ ನೋಡಿದರೂ ಸಾಲದು! ಹೋದ ತಿಂಗಳು ವಿಶ್ವವಿದ್ಯಾಲಯದ ಹುಡುಗಿಯೊಬ್ಬಳು ಅಳತೆಗೆ ಬಂದಿದ್ದಳು. ಕೋಲ್ಮನ್‌ನ ಹಳ್ಳದ ಹತ್ತಿರ ನಿಂತು ಗೊಣಗುತ್ತಿದ್ದಳು.

"ಹಳೇ ನಕ್ಷೆ ತಪ್ಪಿದೆ. ಅದ್ರಲ್ಲಿರೋ ಅರ್ಧ ಹಳ್ಳ ಇಲ್ಲಿ ಇಲ್ಲವೇ ಇಲ್ಲ. ಇಲ್ಲಿ ಯಾರೂ ಯಾವತ್ತೂ ಕೊಯ್ದಿಲ್ಲ, ಬೇಕಾದ್ರೆ ಅಗೆದು ನೋಡಿ."

ನಿಮಗೆ ಮಾತ್ರ ಹೇಳುತ್ತೇನೆ. ಆ ನಕ್ಷೆ ಬರೆದವನು ನಾನು. ಆ ಅರ್ಧ ಹಳ್ಳದ ಒಳಗಿಳಿದು, ಮೊಣಕಾಲುದ್ದ ಕೆಸರಲ್ಲಿ ನಿಂತು, ನನ್ನ ಕೈಯಾರೆ ಅಳೆದಿದ್ದೆ.