ಶೀಟಿನ ಅಡಿಯ ಬಸಳೆ

ವೇದಿಕೆಯಲ್ಲಿರುವ ಶಾಲಾ ಸಂಚಾಲಕರೇ, ಮುಖ್ಯ ಅತಿಥಿಗಳಾದ ದುಬಾಯಿಯ ಉದ್ಯಮಿ ನಿತ್ಯಾನಂದ ಶೆಟ್ಟರೇ, ಪೋಷಕರೇ, ಮಕ್ಕಳೇ, ಮತ್ತು ವಂದನಾರ್ಪಣೆ ಎಂದ ಕೂಡಲೇ ಚಪ್ಪಲಿ ಹುಡುಕಲು ಎದ್ದ ಸಭಿಕರೇ, ದಯವಿಟ್ಟು ಕೂತುಕೊಳ್ಳಿ. ಎರಡೇ ಮಾತಿನಲ್ಲಿ ಮುಗಿಸಿ ಟೀಚರ್ ಎಂದು ಸಂಚಾಲಕರು ಹೇಳಿದ್ದಾರೆ. ವಿಜ್ಞಾನದ ಟೀಚರಿಗೆ ಮೈಕ್ ಕೊಟ್ಟದ್ದು ಅವರದೇ ತಪ್ಪು.

ಮೊದಲ ವಂದನೆ ಶೆಟ್ಟರಿಗೆ. ಎಂಟನೇ ತರಗತಿಯ ಹಳೆ ಹಂಚು ತೆಗೆಸಿ ತಗಡಿನ ಶೀಟು ಹಾಕಿಸಿದ ಕೊಡುಗೈ ದಾನಿ ಅವರು. ಮಳೆಗಾಲದಲ್ಲಿ ಒಂದು ಹನಿ ಸೋರಲಿಲ್ಲ. ಅದನ್ನು ಮರೆಯುವವಳು ನಾನಲ್ಲ. ಆದರೆ ಆಮೇಲೆ ಸೆಕೆ ಬಂತಲ್ಲ?

ಎರಡನೇ ವಂದನೆ ಆ ತರಗತಿಯ ಮಕ್ಕಳಿಗೆ. ಅವರು ಬಸಳೆ ನೆಟ್ಟ ಒಂದು ಮಣ್ಣಿನ ಚಟ್ಟಿಯನ್ನು ಶೀಟಿನ ಅಡಿ ಬೆಳಕು ಬೀಳುವ ಕಿಟಕಿಯಲ್ಲಿಟ್ಟರು, ಇನ್ನೊಂದನ್ನು ಹೊರಗೆ ಬಿಸಿಲಲ್ಲೇ ಇಟ್ಟರು. ಎರಡಕ್ಕೂ ಸಮ ನೀರು. ಬಸಳೆ ಬಿಸಿಲಿಗೆ ಹೆದರುವ ಜಾತಿ ಅಲ್ಲ. ಹೊರಗಿನದ್ದು ಹಸಿರಾಗಿಯೇ ಉಳಿಯಿತು. ಅಂಥ ಬಸಳೆಯೂ ಶೀಟಿನ ಅಡಿ ಬಿಳಚಿಕೊಂಡು ಜೋತುಬಿತ್ತು. ಯಾಕೆ? ಎಲೆಯ ಹಸಿರನ್ನು ಹಿಡಿದಿಡುವುದು ಪ್ರೋಟೀನು. ಅದಕ್ಕೆ ಒಂದು ಮಡಿಕೆ ಉಂಟು, ಒಂದು ಆಕಾರ ಉಂಟು. ಸೆಕೆ ಮಿತಿ ಮೀರಿದರೆ ಆ ಮಡಿಕೆ ಬಿಚ್ಚಿಹೋಗ್ತದೆ, ಹಸಿರಿನ ಹಿಡಿತ ತಪ್ಪುತ್ತದೆ. ಎಲೆ ತನ್ನನ್ನು ತಾನೇ ದಿನಾ ರಿಪೇರಿ ಮಾಡಿಕೊಳ್ತದೆ ಸ್ವಾಮಿ. ಆದರೆ ಸೆಕೆ ಬಿಡದಿದ್ದರೆ ರಿಪೇರಿಯೂ ನಿಲ್ಲುತ್ತದೆ.

ಇದನ್ನು ಪಾಠ ಮಾಡುವಾಗ ಫಾಹಿಮಾ ಎದ್ದು ಕೇಳಿದಳು, "ಟೀಚರ್, ಎಲೆಗೂ ತಲೆ ತಿರುಗ್ತದಾ?" ಎಲೆಗೂ! ಆ 'ಊ' ನಿಮಗೆ ಕೇಳಿತಾ? ಮಧ್ಯಾಹ್ನದ ಪೀರಿಯಡಿನಲ್ಲಿ ಸೆಕೆಗೆ ತಲೆ ತಿರುಗಿ ಬೆಂಚಿನ ಮೇಲೆ ಒರಗಿಬಿದ್ದ ಹುಡುಗಿ ಅವಳು.

ಈ ಬಸಳೆಯ ವಿಚಾರ ಮಕ್ಕಳು ಬರೆದ ಚಾರ್ಟು ಆ ತರಗತಿಯ ಬಾಗಿಲಲ್ಲಿ ಇರಬೇಕಿತ್ತು. ಇವತ್ತು ಬೆಳಿಗ್ಗೆ ಸಂಚಾಲಕರು ತೆಗೆಸಿದರು. ದಾನಿಗಳಿಗೆ ಬೇಸರ ಆಗ್ತದಂತೆ. ಚಾರ್ಟು ಸುತ್ತಿಡಬಹುದು, ನನ್ನ ಬಾಯಿ ಸುತ್ತಿಡಲಿಕ್ಕೆ ಆಗುತ್ತದಾ?

ನಾನು ವೇಣೂರಿನವಳು. ಸೊಪ್ಪು ಬೇಯಿಸುವಾಗ ಅಮ್ಮ ಜಗಲಿಯಿಂದಲೇ ಕೂಗುತ್ತಿದ್ದರು, "ಮುಚ್ಚಳ ತೆಗಿ ಮಾರಾಯ್ತಿ, ಸೊಪ್ಪು ಕಪ್ಪಾಗ್ತದೆ!" ಸೊಪ್ಪಿನೊಳಗಿನ ಹುಳಿಯ ಅಂಶ ಆವಿಯಾಗಿ ಹೊರಗೆ ಹೋಗದಿದ್ದರೆ ಹಸಿರು ಕೆಡ್ತದೆ ಎಂದು ನಾನು ಓದಿದ್ದು ಬಹಳ ವರ್ಷದ ಮೇಲೆ. ಅಮ್ಮ ಈಗಿಲ್ಲ. ಇದ್ದಿದ್ದರೆ ಆ ತರಗತಿಯ ಬಾಗಿಲಲ್ಲಿ ನಿಂತು ಅದೇ ಮಾತು ಕೂಗುತ್ತಿದ್ದರು.

ನನ್ನ ಯಜಮಾನರು ಅಭಯಚಂದ್ರರು ಇವತ್ತು ಹೊರಡುವಾಗ, "ಒಂದು ದಿವಸ ಸುಮ್ಮನಿರು" ಎಂದರು. ಆ ಮನೆಗೆ ಬಂದಂದಿನಿಂದ ಸುಮ್ಮನೇ ಇದ್ದೇನೆ. ಅದರ ಕತೆ ಈ ಸಭೆಗೆ ಬೇಡ. ಅವರ ಹೆದರಿಕೆ ಸುಳ್ಳಲ್ಲ. ನಾನು ಗೌರವ ಶಿಕ್ಷಕಿ, ಜೂನಿನಲ್ಲಿ ಕರೆದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ. ಕರೆಯದಿದ್ದರೂ ಹೇಳ್ತೇನೆ: ಆ ಕೋಣೆಗೆ ಮತ್ತೆ ಹಂಚು ಬೇಕು. ಅಲ್ಲಿಯವರೆಗೆ ನನ್ನ ಮಧ್ಯಾಹ್ನದ ಪಾಠ ಹಲಸಿನ ಮರದ ಅಡಿಯಲ್ಲಿ. ಬೇಡ ಎನ್ನುವವರು ಅಲ್ಲಿಗೇ ಬಂದು ಹೇಳಲಿ.

ಶೆಟ್ಟರೇ, ನೀವೇ ಈಗ ಭಾಷಣದಲ್ಲಿ ಹೇಳಿದಿರಿ, ಬೇಸಿಗೆಯ ಮಧ್ಯಾಹ್ನ ದುಬಾಯಿಯಲ್ಲಿ ಹೊರಗಿನ ಕೆಲಸ ನಿಲ್ಲಿಸ್ತಾರೆ, ಅದು ಕಾನೂನು ಎಂದು. ಕಲ್ಲು ಹೊರುವ ಗಂಡಸರಿಗೆ ಇರುವ ಕಾನೂನು ನಮ್ಮ ಮಕ್ಕಳಿಗೆ ಬೇಡವಾ?

ಕೊನೆಗೆ ಊಟದ ವಿಚಾರ. ಗಣ್ಯರಿಗೆ ಎಸಿ ಇರುವ ಆಫೀಸು ಕೋಣೆಯಲ್ಲಿ ಊಟ ಎಂದು ಇತ್ತು. ವ್ಯವಸ್ಥೆ ನನ್ನ ಕೈಯಲ್ಲಿದ್ದ ಕಾರಣ ಅವರಿಗೆ ಊಟದ ಎಲೆ ಹಾಕಿಸಿದ್ದು ಎಂಟನೇ ತರಗತಿಯಲ್ಲಿ. ಫ್ಯಾನು ಉಂಟು, ಬಿಸಿ ಗಾಳಿಯನ್ನೇ ತಿರುಗಿಸ್ತದೆ. ಮಕ್ಕಳಿಗೆ ಹಲಸಿನ ಮರದ ನೆರಳಲ್ಲಿ. ಪದಾರ್ಥ ಬಸಳೆಯದ್ದೇ, ಮುಚ್ಚಳ ತೆಗೆದು ಬೇಯಿಸಿದ್ದು. ಹಂಚಿನ ವಿಚಾರ ಕೈ ತೊಳೆದ ಮೇಲೆ ಮಾತಾಡುವ.

ಬಂದ ಎಲ್ಲರಿಗೂ ವಂದನೆಗಳು. ವೇದಿಕೆಯ ಗಣ್ಯರಲ್ಲಿ ಒಂದೇ ವಿನಂತಿ, ಪಾಯಸ ಬರುವವರೆಗೆ ಆ ಕೋಣೆಯಿಂದ ಯಾರೂ ಏಳಬಾರದು. ನಮಸ್ಕಾರ.