ಕೇಳದ ಪಾಪ

ಎಣ್ಣೆ ಬೆಲೆ ಕುಸಿದ ಆ ವರ್ಷ ಮಸ್ಕತ್ತಿನಲ್ಲಿ ಯಾರೂ ಯಾರ ಕೆಲಸದ ಸುದ್ದಿಯನ್ನೂ ಕೇಳುತ್ತಿರಲಿಲ್ಲ, ಅದೇ ಮರ್ಯಾದೆ. ರೂವಿ ಪೇಟೆಯ ಬಸ್ಸಿನ ಸಾಲಿನಲ್ಲಿ, ಟೈ ಕಟ್ಟಿ ನಿಂತ ಭೋಜರಾಜನ ಮುಂದೆ ರಟ್ಟಿನ ಕವಚ ತೊಟ್ಟ ಹುಡುಗಿಯೊಬ್ಬಳು ತನ್ನ ತಂದೆಗೆ ಶಾಲೆಯ ನಾಟಕದ ಕಥೆ ಹೇಳುತ್ತಿದ್ದಳು.

“ಏಸು ಕುಡಿದ ಬಟ್ಟಲು ಕಣ್ಣೆದುರೇ ಬಂದ್ರೂ ಆ ನೈಟ್ ಯೋಧನಿಗೆ ಸಿಗ್ಲಿಲ್ಲ ಅಪ್ಪ.”

“ಎಂತ ಪಾಪ ಮಾಡಿದ್ದ?”

“ಆ ಬಟ್ಟಲು ಕಾಯೋ ರಾಜನಿಗೆ ಗಾಯ ಆಗಿತ್ತು. ಎಂತ ಆಯ್ತು ಅಂತ ಇವ ಕೇಳ್ಲಿಲ್ಲ. ಮರ್ಯಾದೆಗೆ ಸುಮ್ಮನಿದ್ದ.”

“ಅದೂ ಪಾಪವಾ?”

“ದೊಡ್ಡ ಪಾಪ. ನಿಮ್ಗೆ ಎಂತ ಆಯ್ತು ಅಪ್ಪ?”

“...ಕೆಲಸ ಹೋಯ್ತು ಮಗಾ.”

“ಗೊತ್ತುಂಟು. ಅಮ್ಮನಿಗೂ ಗೊತ್ತುಂಟು.”

“ಹಾಗಾದ್ರೆ ನಾನು ದಿನಾ ಟೈ ಕಟ್ಟಿ ಪಾರ್ಕಲ್ಲಿ ಕೂತದ್ದು ದಂಡ.”

ತಂದೆ ಹೊಟ್ಟೆ ಹಿಡಿದು ನಕ್ಕ. ಟೈ ಬಿಚ್ಚಿ ಅವಳ ಕವಚಕ್ಕೆ ಸೊಂಟಪಟ್ಟಿ ಮಾಡಿ ಕಟ್ಟಿದ.

“ಖಲಾಸ್, ಮುಗೀತು. ಯಲ್ಲಾ, ಬಾ, ಬಸ್ಸು ಹತ್ತು.”

ಬಸ್ಸು ಹೊರಟಿತು. ಭೋಜರಾಜನ ಕೈ ಮೆಲ್ಲನೆ ತನ್ನ ಟೈಯ ಗಂಟಿಗೆ ಹೋಯಿತು.